ಖಾಲಿ ಜೇಬಿಗೆ ಹೋಗುತ್ತಿದ್ದ ಕೈ

ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಹಾಕುವುದು ನನ್ನ ಕೆಲಸ. ಹೆಚ್ಚಾಗಿ ಬರುವುದು ಬೋರ್‌ವೆಲ್ಲಿಗೆ ಇಳಿಬಿಡುವ ಉದ್ದನೆಯ ಮೋಟಾರುಗಳು. ತಿಕೋಟಾ, ಬಬಲೇಶ್ವರ, ಹೊನವಾಡದ ತೋಟಗಳಿಂದ ಬರುತ್ತವೆ. ಅವಕ್ಕೆ ತಂತಿಯನ್ನು ಕೈಯಿಂದಲೇ ಎಳೆಯಬೇಕು. ಕಬ್ಬಿಣದ ಕೊಳವೆಯ ಒಳಗೋಡೆಯ ಉದ್ದಕ್ಕೂ ಸಣ್ಣ ತೂತುಗಳಿರುತ್ತವೆ. ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಕೂತು ತಂತಿಯನ್ನು ಒಂದು ತೂತಿನಲ್ಲಿ ತೂರಿಸಿ ಇನ್ನೊಂದರಿಂದ ವಾಪಸು ಎಳೆಯಬೇಕು. ಹೀಗೆ ಹೋಗಿ ಬಂದರೆ ಒಂದು ಸುತ್ತು. ಪ್ರತಿ ತೂತಿಗೂ ಇಂತಿಷ್ಟೇ ಸುತ್ತು ಎಂದಿರುತ್ತದೆ. ಎಣಿಕೆ ತಪ್ಪಿದರೆ ಮೋಟಾರು ನಡೆಯುತ್ತದೆ, ಆದರೆ ಬಿಸಿಯಾಗುತ್ತದೆ. ಬಿಸಿಯಾದದ್ದು ಒಂದು ದಿನ ಸುಡುತ್ತದೆ.

ಆ ತುದಿಗೆ ಕೂರುವವರು ಚಾಚಾ. ನನಗೆ ಈ ಕೆಲಸ ಕಲಿಸಿದವರೇ ಅವರು. ವಯಸ್ಸಾಯಿತೆಂದು ತಮ್ಮ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಕೂರಲಾಗದೆ ನನ್ನಲ್ಲಿಗೆ ಬರತೊಡಗಿದರು. ಎಣಿಸುವುದು ಯಾವಾಗಲೂ ಅವರೇ. ನಾನು ಬರೀ ಎಳೆಯುತ್ತೇನೆ.

ಒಂದೆರಡು ವರ್ಷಗಳ ಹಿಂದೆ ನನಗೆ ಬೇರೊಂದು ಗೀಳು ಹತ್ತಿತು. ಸುಟ್ಟ ಮೋಟಾರು ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕಿದೆ. ಯಾರು ನೋಡಿಯಾರು ಎಂದುಕೊಂಡಿದ್ದರೆ ಬಹಳ ಜನ ನೋಡಿದರು. ಜತ್ತ, ಅಥಣಿ ಕಡೆಯವರೆಲ್ಲ ಪ್ರಶ್ನೆ ಕೇಳಿದರು. ಬಬಲೇಶ್ವರದ ಒಬ್ಬರು ವಿಡಿಯೋ ನೋಡಿಯೇ ಹುಡುಕಿಕೊಂಡು ಮೋಟಾರು ತಂದರು. ಆಮೇಲೆ ದಿನಕ್ಕೊಂದು ಹಾಕತೊಡಗಿದೆ. ಹಾಕಿದ್ದನ್ನು ಎಷ್ಟು ಜನ ನೋಡಿದರು ಎಂದು ನೋಡುತ್ತಿದ್ದೆ. ಅದನ್ನು ನೋಡಲು ಹೋಗಿ ಬೇರೆಯವರದ್ದನ್ನೂ ನೋಡುತ್ತಿದ್ದೆ. ಫೋನು ಒಂದೋ ಅಂಗಿಯ ಜೇಬಿನಲ್ಲಿ, ಇಲ್ಲವೇ ಬೆಂಚಿನ ಮೇಲೆ ಕಣ್ಣಿನ ಎದುರಿಗೇ ಇರುತ್ತಿತ್ತು.

ಚಾಟಣಿ ಮುಗಿದು, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸಿ, ಹೊಸ ಚಿಗುರಿಗೆ ನೀರು ಬೇಕೇ ಬೇಕಾದ ದಿನಗಳವು. ಹೊನವಾಡದ ಹೆಣ್ಣುಮಗಳೊಬ್ಬರು ತೋಟದ ಮೋಟಾರು ತಂದಿದ್ದರು. ನಾವು ತಂತಿ ಎಳೆದು ಕೊಟ್ಟೆವು. ನಾಲ್ಕೇ ದಿನಕ್ಕೆ ಅದನ್ನು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ವಾಪಸು ಬಂದರು. ಬೋರಿನಿಂದ ಮೋಟಾರು ಮೇಲೆತ್ತಿಸುವುದು ಎಂಥ ತಾಪತ್ರಯ ಎಂದು ನನಗೆ ಗೊತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ.

“ಅಣ್ಣಾರ, ಅರ್ಧ ತಾಸು ನಡೀತೈತಿ, ಸ್ಟಾರ್ಟರ್ ಬಿದ್ದು ಬಂದ್ ಆಗತೈತಿ. ಯಾಕಂತ ನನಗೂ ತೋರಸ್ರಿ,” ಅಂದರು.

ಅವರೆದುರಿಗೇ ಬಿಚ್ಚಿದೆ. ತಂತಿಯ ತುದಿ ಕತ್ತರಿಸಿ ಒಂದೊಂದೇ ಎಳೆ ಎಣಿಸಿದೆ. ಮೂವತ್ತೆರಡು ಇರಬೇಕಾದ ಕಡೆ ಎರಡು ತೂತುಗಳಲ್ಲಿ ಇಪ್ಪತ್ತೊಂಬತ್ತೇ ಇದ್ದವು. ನನಗೆ ಆ ಮಧ್ಯಾಹ್ನ ನೆನಪಾಯಿತು. ಚಾಚಾಗೆ ಹಲ್ಲುನೋವಿತ್ತು, ಬಾಯಿ ತೆರೆಯಲಾಗುತ್ತಿರಲಿಲ್ಲ. ಎಣಿಕೆ ನನ್ನ ಪಾಲಿಗೆ ಬಂದಿತ್ತು. ಎದುರಿಗಿದ್ದ ಫೋನಿನಲ್ಲಿ ಹಿಂದಿನ ದಿನದ ವಿಡಿಯೋಗೆ ಯಾರೋ ಕೆಟ್ಟದಾಗಿ ಬರೆದಿದ್ದರು. ಅದಕ್ಕೆ ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಲೇ ನಾನು ಎಣಿಸಿದ್ದೆ.

“ತಪ್ಪು ನಂದೈತ್ರಿ ಅಕ್ಕಾರ. ಎಣಿಕಿ ತಪ್ಪೇನಿ,” ಅಂದೆ.

“ಹಂಗಾದ್ರ ಈಗ ಎಣಿಸೂಣು ನಡ್ರಿ,” ಅಂದರು.

ಚಾಚಾ ಅಂದು ಬಬಲೇಶ್ವರಕ್ಕೆ ಒಂದು ಮೋಟಾರು ಇಳಿಸಲು ಹೋಗಿದ್ದರು. ಆ ಹೆಣ್ಣುಮಗಳೇ ಸೆರಗು ಸಿಕ್ಕಿಸಿಕೊಂಡು ಆ ತುದಿಗೆ ಕೂತರು. ತೋಟದ ಕೆಲಸ ಮಾಡಿದ ಕೈ, ತಂತಿ ಎಳೆಯುವುದು ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬಂತು. ಅವರೇ ದೊಡ್ಡ ದನಿಯಲ್ಲಿ ಎಣಿಸಿದರು. ನಾನು ಫೋನನ್ನು ಒಳಗಿನ ಗೋಡೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದೆ.

ಎರಡು ತೂತು ಮುಗಿಯುವಷ್ಟರಲ್ಲಿ ಅವರು ಎಣಿಕೆ ನಿಲ್ಲಿಸಿದರು.

“ಅಣ್ಣಾರ, ಏನ ಹುಡುಕಾಕತ್ತೀರಿ?”

“ಏನೂ ಇಲ್ಲಲ್ರಿ.”

“ನಾಕನೇ ಸಲ ನೋಡ್ರಿ, ಕೈ ಜೇಬಿಗೆ ಹೋಗಿ ಬರಾಕತ್ತೈತಿ. ಏನರ ಕಳಕೊಂಡೀರೇನು?”

ನೋಡಿಕೊಂಡೆ. ಎಡಗೈ ನಿಜವಾಗಿಯೂ ಅಂಗಿಯ ಜೇಬಿನ ಮೇಲಿತ್ತು. ಜೇಬು ಖಾಲಿ. ಫೋನು ಒಳಗಿದೆ ಎಂದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ನನಗೆ ಸೋಜಿಗವೆನಿಸಿತು. ನನ್ನದೇ ಕೈ ನನ್ನನ್ನು ಕೇಳದೆ ಹೋಗಿ ಬರುತ್ತಿದೆ, ಅದೂ ನಾಲ್ಕು ಸಲ.

ಅವರ ಮೋಟಾರು ಮರುದಿನ ಸರಿಯಾಗಿ ಹೋಯಿತು. ನನ್ನ ತಲೆಯಿಂದ ಮಾತ್ರ ಆ ಕೈ ಹೋಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲೇ ಇಲ್ಲ.

“ಈಗ ನಿಮ್ಮ ಎಡಗೈ ಎಲ್ಲೈತಿ ನೋಡ್ರಿ,” ಅಂದಳು. ತಾಟಿನ ಪಕ್ಕ, ಫೋನಿನ ಮೇಲಿತ್ತು.

ರಿಪೇರಿ ಮಾಡುವವನ ಬುದ್ಧಿ. ದೋಷ ಎಲ್ಲಿದೆ ಎಂದು ತಿಳಿಯುವವರೆಗೆ ಬಿಚ್ಚಿದ್ದನ್ನು ಮುಚ್ಚಲಾಗುವುದಿಲ್ಲ. ಮರುದಿನ ಅಂಗಡಿಯ ಗೋಡೆಗೆ ಸುಣ್ಣದ ಕಡ್ಡಿಯಿಂದ ಗೀಟು ಎಳೆಯತೊಡಗಿದೆ. ಕೈ ಜೇಬಿಗೆ ಹೋದಾಗೊಮ್ಮೆ ಒಂದು ಗೀಟು, ಅದರ ಪಕ್ಕದಲ್ಲಿ ಆಗ ಏನು ಮಾಡುತ್ತಿದ್ದೆ ಎಂದು ಒಂದು ಮಾತು. ಊಟದ ಹೊತ್ತಿಗೇ ಗೋಡೆಯ ಒಂದು ಮೂಲೆ ತುಂಬಿತು. ಚಾಚಾ ಅದನ್ನು ನೋಡಿ, “ಬೇಟಾ, ಇದು ಯಾವ ಮೋಟಾರಿನ ಲೆಕ್ಕ?” ಅಂದರು. ನಂದೇ ಅಂದೆ.

ನಾಲ್ಕೈದು ದಿನದ ಮೇಲೆ ಆ ಮಾತುಗಳನ್ನು ಕೂತು ಓದಿದೆ. ಕೆಲಸವಿಲ್ಲದೆ ಬೇಸರ ಬಂದಾಗ ಫೋನು ನೋಡುತ್ತೇನೆ ಎಂದು ನಾನು ನಂಬಿದ್ದೆ. ಗೋಡೆ ಬೇರೆಯದನ್ನೇ ಹೇಳುತ್ತಿತ್ತು. ‘ತಂತಿ ಸಿಕ್ಕಿತು.’ ‘ಬೇರಿಂಗ್ ಬರಲಿಲ್ಲ.’ ‘ಗಿರಾಕಿ ಸಿಟ್ಟಾದರು.’ ‘ಕನೆಕ್ಷನ್ ತಿಳಿಯಲಿಲ್ಲ.’ ಕೈ ಹೋಗುತ್ತಿದ್ದುದು ಕೆಲಸ ತುಸು ಕಠಿಣವಾದ ಕ್ಷಣಕ್ಕೆ. ಇನ್ನೊಂದು ನಿಮಿಷ ತಾಳಿಕೊಂಡಿದ್ದರೆ ತಂತಿ ಬಿಡಿಸಿಕೊಳ್ಳುತ್ತಿತ್ತು. ಆ ಒಂದು ನಿಮಿಷವನ್ನು ತಾಳದೆ ನಾನು ಬೇರೆಯವರ ಅಡುಗೆ, ಬೇರೆಯವರ ಜಗಳ, ಬೇರೆಯವರ ಕಾರು ನೋಡಲು ಹೋಗುತ್ತಿದ್ದೆ. ವಾಪಸು ಬಂದಾಗ ತಂತಿ ಹಾಗೇ ಸಿಕ್ಕಿಕೊಂಡಿರುತ್ತಿತ್ತು, ಅದರ ಮೇಲಿನ ಗಮನ ಮಾತ್ರ ಇರುತ್ತಿರಲಿಲ್ಲ.

ತಿಳಿದದ್ದೇನೋ ಆಯಿತು, ಬಿಡುವುದು ಅಷ್ಟು ಸುಲಭವಾಗಲಿಲ್ಲ. ಫೋನನ್ನು ಗುಜರಿ ಡಬ್ಬಿಯೊಳಗಿಟ್ಟೆ, ತೆಗೆಯಲು ನಾನೇ ಎದ್ದು ಹೋದೆ. ಎದುರಿನ ಚಹದ ಅಂಗಡಿಯವರ ಕೈಗೆ ಕೊಟ್ಟೆ. ಅದು ದಿನವಿಡೀ ಬಡಿದುಕೊಂಡು ಅವರಿಗೆ ಸಾಕಾಗಿ, ಸಂಜೆ ಚಹದ ಜೊತೆ ವಾಪಸು ಕಳಿಸಿದರು. ಕೊನೆಗೆ ಸ್ಟೇಷನ್ ರಸ್ತೆಗೆ ಹೋಗಿ ಗುಂಡಿ ಒತ್ತುವ ಸಣ್ಣ ಫೋನೊಂದು ತಂದೆ. ಹೊಸ ನಂಬರನ್ನು ಅಂಗಡಿಯ ಶಟರಿನ ಮೇಲೆ ದೊಡ್ಡದಾಗಿ ಬರೆಸಿದೆ. ದೊಡ್ಡ ಫೋನನ್ನು ಮನೆಯಲ್ಲಿ, ಸ್ವಂತ ಫೋನಿಲ್ಲದ ಹೆಂಡತಿಯ ಹತ್ತಿರ ಬಿಟ್ಟೆ. ಸಂಜೆ ಮನೆಗೆ ಹೋದ ಮೇಲೆ ಅರ್ಧ ತಾಸು ನೋಡುವುದು ಎಂದು ಮಾತಾಯಿತು.

ಹತ್ತು ದಿನ ಚೆನ್ನಾಗಿ ನಡೆಯಿತು. ಒಂದು ಸಂಜೆ ಹೋದರೆ ಒಲೆಯ ಮೇಲಿನ ಬೇಳೆ ತಳ ಹತ್ತಿ ವಾಸನೆ ಬರುತ್ತಿತ್ತು. ಹೆಂಡತಿ ಬಾಗಿಲ ಕಡೆ ಬೆನ್ನು ಮಾಡಿ ನನ್ನ ಫೋನು ನೋಡುತ್ತಿದ್ದಳು.

“ನಿಮ್ಮ ಜಡ್ಡು ನನಗ ಹತ್ತೈತ್ರಿ,” ಅಂದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. “ಮೊದಲ ಒಂದ ನಿಮಿಷ ನೋಡೂದು ಅಂತ ತಗೀತೇನಿ. ಎದ್ದಾಗ ಬಿಸಲು ಇಳಿದಿರತೈತಿ. ಏನ ನೋಡಿದ್ನಿ ಅಂತ ಕೇಳಿದ್ರ ಒಂದೂ ನೆನಪಿರಂಗಿಲ್ಲ. ಎಂಟ ದಿನ ಪೂರಾ ಬಂದ್ ಮಾಡಿ ನೋಡೂಣೇನು? ಏನಾಗತೈತಿ ನೋಡೂಣು.”

ನನಗೂ ಅದೇ ಕುತೂಹಲವಿತ್ತು. ನಾನೇ ಫೋನು ಬಂದ್ ಮಾಡಿ ಕಪಾಟಿನಲ್ಲಿ ಹೊದಿಕೆಗಳ ಕೆಳಗಿಟ್ಟೆ.

ಮೊದಲೆರಡು ದಿನ ಇಬ್ಬರಿಗೂ ಸುಮ್ಮಸುಮ್ಮನೆ ಸಿಟ್ಟು. ಸಂಜೆ ಮಾಳಿಗೆಯ ಮೇಲೆ ಎದುರುಬದುರು ಕೂತರೆ ಏನು ಮಾತಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನ ಅವಳು, “ಮೋಟಾರಿನ ಒಳಗ ತಂತಿ ಸುಮ್ಮನ ಕುಂತಿರತೈತಿ, ಅದು ಹೆಂಗ ತಿರಗತೈತ್ರಿ?” ಎಂದು ಕೇಳಿದಳು. ಮದುವೆಯಾಗಿ ಹದಿನಾರು ವರ್ಷ, ಈ ಪ್ರಶ್ನೆ ಅವಳಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹೇಳಲು ಹೋದೆ, ಅರ್ಧಕ್ಕೆ ನಿಂತೆ. ಮಾಡಲು ಬರುತ್ತದೆ, ಹೇಳಲು ಬರುವುದಿಲ್ಲ ಎಂದು ಆಗಲೇ ತಿಳಿಯಿತು. ಮರುದಿನ ಚಾಚಾರನ್ನು ಕೇಳಿ ಬಂದು ಅವಳಿಗೆ ಹೇಳಿದೆ.

ಅಂಗಡಿಯಲ್ಲಿ ಇನ್ನೊಂದು ಸಂಗತಿ ಕಿವಿಗೆ ಬಿತ್ತು. ಚಾಚಾ ಎಣಿಸುವಾಗ ಇಪ್ಪತ್ತರವರೆಗೆ ಕನ್ನಡ, ಇಪ್ಪತ್ತೊಂದರಿಂದ ಉರ್ದು. ಪ್ರತಿ ಸಲವೂ ಹಾಗೇ. ಇಷ್ಟು ವರ್ಷ ಎದುರಿಗೆ ಕೂತು ಕೇಳಿದರೂ ನಾನು ಗಮನಿಸಿರಲಿಲ್ಲ.

“ಯಾಕ ಚಾಚಾ, ಇಪ್ಪತ್ತಕ್ಕ ಭಾಷಾ ಬದಲಾಗತೈತಿ?”

ಅವರು ತಂತಿ ಹಿಡಿದುಕೊಂಡೇ ಬಾಯಲ್ಲಿ ಎಣಿಸಿ ನೋಡಿದರು. ಅವರಿಗೂ ಅದು ಹೊಸ ಸುದ್ದಿಯಂತಿತ್ತು.

“ಕನ್ನಡ ಸಾಲ್ಯಾಗ ಇಪ್ಪತ್ತರ ತನಕ ಕಲಿತಿದ್ನಿ. ಆಮ್ಯಾಲ ಅಬ್ಬಾ ಉರ್ದು ಸಾಲಿಗೆ ಹಾಕಿದ್ರು. ಅದs ಇರಬೇಕು,” ಅಂದರು. ಮುಂದಿನ ತೂತಿಗೆ ಬೇಕೆಂದೇ ಮೂವತ್ತೆರಡರವರೆಗೂ ಕನ್ನಡದಲ್ಲಿ ಎಣಿಸಲು ಹೋಗಿ ಇಪ್ಪತ್ತಾರಕ್ಕೆ ತಪ್ಪಿದರು. ಇಬ್ಬರೂ ನಕ್ಕು ಅದನ್ನು ಬಿಚ್ಚಿ ಮತ್ತೆ ಎಳೆದೆವು.

ಎಲ್ಲವೂ ಲಾಭವೇ ಆಗಿದ್ದರೆ ಬರೆಯುವುದು ಸುಲಭವಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಹೊದಿಕೆ ಸರಿಸಿ ಫೋನು ಹಚ್ಚಿದೆ. ಮನೆಯವರ ಗುಂಪಿನಲ್ಲಿ ಒಂದರ ಮೇಲೊಂದು ಸಂದೇಶ ಬಂದು ಬಿದ್ದವು. ಹೂ ಕಟ್ಟಿದ ತೊಟ್ಟಿಲಿನ ಫೋಟೋ ಕಂಡಿತು. ಅದರ ಕೆಳಗೆ ಬರೆದದ್ದನ್ನು ಓದದೆ ನಾನು ಅಲ್ಲಿಗೇ ನಿಲ್ಲಿಸಿದೆ.

ನನ್ನ ತಂಗಿಯನ್ನು ತಿಕೋಟಾಕ್ಕೆ ಕೊಟ್ಟಿದೆ. ಅಪ್ಪ, ಅವ್ವ ಇಬ್ಬರೂ ತೀರಿಹೋಗಿದ್ದರಿಂದ ಎರಡನೆಯ ಬಾಣಂತನ ಅತ್ತೆಮನೆಯಲ್ಲೇ ಆಗಿತ್ತು. ಹುಟ್ಟಿದ ಮರುದಿನ ಹೋಗಿ ಕೂಸನ್ನು ನೋಡಿ ಬಂದಿದ್ದೆ. ಹೆಸರಿಡುವುದು ತಿಂಗಳಾದ ಮೇಲೆ ಎಂದಿದ್ದರು. ಏನೋ ಕಾರಣಕ್ಕೆ ಅವಸರಿಸಿ ಹದಿಮೂರನೆಯ ದಿನಕ್ಕೇ ಮಾಡಿದ್ದಾರೆ. ಸುದ್ದಿ ಗುಂಪಿನಲ್ಲಿ ಹಾಕಿದ್ದಾರೆ. ಕಾರ್ಯ ನಿನ್ನೆಯೇ ಮುಗಿದಿದೆ. ತವರಿನಿಂದ ಹೋಗಬೇಕಾದ ಒಬ್ಬನೇ ಒಬ್ಬ ನಾನು.

ಹೊಸ ನಂಬರನ್ನು ಶಟರಿನ ಮೇಲೆ ಬರೆಸಿದ್ದೆ, ಗಿರಾಕಿಗಳಿಗೆಲ್ಲ ಹೇಳಿದ್ದೆ. ತಂಗಿಗೆ ಕೊಟ್ಟಿರಲಿಲ್ಲ.

ಅಂಗಡಿ ಚಾಚಾಗೆ ಒಪ್ಪಿಸಿ ನಾವಿಬ್ಬರೂ ಬಸ್ಸು ಹಿಡಿದೆವು. ದಾರಿಯಲ್ಲಿ ಕೂಸಿಗೆ ಅಂಗಿ, ಟೊಪ್ಪಿಗೆ, ತಂಗಿಗೆ ಸೀರೆ ತೆಗೆದುಕೊಂಡಿದ್ದೆವು. ಬಸ್ಸಿನಲ್ಲಿ ಹೆಂಡತಿ, “ಬಂದ್ ಮಾಡೂಣು ಅಂದಾಕಿ ನಾನು. ನಾನs ಹೇಳ್ತೇನಿ,” ಅಂದಳು. ಬೇಡ ಅಂದೆ.

ತಂಗಿ ನಮ್ಮನ್ನು ನೋಡಿ ಎದ್ದು ಬರಲಿಲ್ಲ. ಅವಳ ಅತ್ತೆ ನೀರು ಕೊಟ್ಟರು, ಕೂರಿಸಿದರು, ಒಳಗೆ ಹೋದರು.

“ಮಾಮಾ ತಂದ ಅಂಗಿ ಹಾಕಿ ತೊಟ್ಟಿಲದಾಗ ಹಾಕಬೇಕಂತ ಒಂದ ತಾಸು ಕಾದೀವಿ ಅಣ್ಣಾ,” ಅಂದಳು ತಂಗಿ, ನನ್ನ ಕಡೆ ನೋಡದೆ. “ಬಂದವರೆಲ್ಲ ನಿಮ್ಮ ಅಣ್ಣ ಎಲ್ಲಿ ಅಂತ ಕೇಳಿದ್ರು. ಏನ ಹೇಳಲಿ?”

ಇದ್ದದ್ದನ್ನೆಲ್ಲ ಹೇಳಿದೆ. ಹೊನವಾಡದ ಮೋಟಾರಿನಿಂದ ಹಿಡಿದು ಕಪಾಟಿನ ಹೊದಿಕೆಯವರೆಗೆ. ಹೇಳುತ್ತಾ ಹೋದಂತೆ ನನ್ನ ಕಿವಿಗೇ ಅದು ಸಣ್ಣ ಕಾರಣವಾಗಿ ಕೇಳಿಸಿತು. ನಂಬರು ಕೊಡದೆ ಇದ್ದದ್ದಕ್ಕೆ ಮಾತ್ರ ನನ್ನ ಹತ್ತಿರ ಏನೂ ಕಾರಣವಿರಲಿಲ್ಲ. ತಪ್ಪಾಯಿತು ಅಂದೆ.

ಅವಳು ಕೂಸಿನ ಹೊದಿಕೆ ಸರಿಮಾಡಿದಳು.

“ಮೆಸೇಜಿಗೆ ಒಂದs ಗೀಟು ಬಿದ್ದಿತ್ತು ಅಣ್ಣಾ, ನಿನಗ ಮುಟ್ಟಿಲ್ಲಂತ. ನೋಡಿದ್ನಿ. ನೆಟ್‌ವರ್ಕ್ ಇಲ್ಲೇನೋ ಅಂದ್ಕೊಂಡ್ನಿ. ಫೋನ್ ಹಚ್ಚಿದ್ರ ಬಂದ್ ಅಂತು,” ಅಂದಳು. ಆಮೇಲೆ ಮೆಲ್ಲಗೆ, “ಯಾರನರ ಒಬ್ಬರನ್ನ ಮನೀಗೆ ಕಳಸಬೇಕಿತ್ತು. ನನಗೂ ಹೊಳೀಲಿಲ್ಲ. ಗುಂಪಿನ್ಯಾಗ ಹಾಕಿದ್ರ ಮುಗೀತು ಅಂತ ರೂಢಿ ಬಿದ್ದೈತಿ.”

ಕೂಸನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು.

“ಹೆಸರ ಏನಿಟ್ರಿ?”

“ಫೋಟೋದ ಕೆಳಗ ಬರದಿತ್ತಲ್ಲ. ಓದಿಲ್ಲೇನು?”

“ಓದಿಲ್ಲ. ನೀನs ಹೇಳು.”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಕೂಸಿಗೆ ನಾವು ತಂದ ಅಂಗಿ ತೊಡಿಸಿ ಆಮೇಲೆ ಹೆಸರು ಹೇಳಿದಳು. ನಾನು ಒಂದೆರಡು ಸಲ ಹೇಳಿ ನೋಡಿದೆ. ಊಟ ಮಾಡದೆ ಹೋಗಲು ಬಿಡಲಿಲ್ಲ. ಹೊರಡುವಾಗ ಹೊಸ ನಂಬರು ಕೊಟ್ಟೆ.

ಈಗ ದೊಡ್ಡ ಫೋನು ಸಂಜೆ ಅರ್ಧ ತಾಸು ಮಾತ್ರ ಹಚ್ಚುತ್ತೇವೆ. ಅದು ಒಂದೊಂದು ದಿನ ಒಂದು ತಾಸಾಗುವುದೂ ಉಂಟು. ವಿಡಿಯೋ ವಾರಕ್ಕೊಂದು ಹಾಕುತ್ತೇನೆ. ದೂರದ ಗಿರಾಕಿಗಳು ಕಡಿಮೆಯಾಗಿದ್ದಾರೆ, ವಾಪಸು ಬರುವ ಮೋಟಾರುಗಳೂ ಕಡಿಮೆಯಾಗಿವೆ. ತಂಗಿ ರವಿವಾರ ಸಣ್ಣ ಫೋನಿಗೆ ಮಾತಾಡುತ್ತಾಳೆ. ಮೊದಲ ರವಿವಾರ ವೈನಿ, ಅಂದರೆ ನನ್ನ ಹೆಂಡತಿ, ಏನು ಅಡುಗೆ ಮಾಡಿದ್ದಾಳೆ ಎಂದು ಕೇಳಿದಳು, ಹೇಳಿದೆ. ಕೂಸು ಎಡಮಗ್ಗುಲಿಗೆ ಮಲಗಿಸಿದರೆ ಅಳುತ್ತದೆ, ಬಲಮಗ್ಗುಲಿಗೆ ಮಲಗಿಸಿದರೆ ಸುಮ್ಮನಾಗುತ್ತದೆ, ಯಾಕಿರಬಹುದು ಅಂದಳು. ಅದರ ಮೇಲೆ ನಾವು ಬಹಳ ಹೊತ್ತು ಮಾತಾಡಿದೆವು. ನನ್ನ ಹೆಂಡತಿಯೂ ಫೋನು ಕಸಿದುಕೊಂಡು ತನಗೆ ತಿಳಿದದ್ದು ಹೇಳಿದಳು. ಕಾರಣ ಮೂವರಿಗೂ ಸಿಗಲಿಲ್ಲ.

“ಮಲಗಿದ ಫೋಟೋ ಕಳಸಲೇನು ಅಣ್ಣಾ?” ಅಂದಳು ಕೊನೆಗೆ.

“ಕಳಸು,” ಅಂದೆ. “ಸಂಜೀಕ ನೋಡ್ತೇವಿ.”