ದೇವರ ಕೋಣೆಯ ಕಪ್ಪು ಗೋಡೆ

ಆ ಗೋಡೆ ಯಾಕೆ ಕಪ್ಪಗಿದೆ ಎಂದು ನನಗೆ ಗೊತ್ತಿತ್ತು. ಕೇಳಿದವರಿಗೆ ಗೊತ್ತಿಲ್ಲ ಎಂದೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಗೊತ್ತಿಲ್ಲ ಎಂದರೆ ಯಾರೂ ಅನುಮಾನಪಡುವುದಿಲ್ಲ.

ನನ್ನ ತಮ್ಮ ಹುಬ್ಬಳ್ಳಿಯಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದ. ಅಮೆರಿಕದ ಟೆಕ್ಸಾಸ್‌ಗೆ ಬಂದದ್ದು ಒಂದು ದೇವಸ್ಥಾನದ ಗೋಪುರಕ್ಕೆ ಬಣ್ಣ ಹಚ್ಚಲು. ಅದು ಮುಗಿದ ಮೇಲೆ ನಮ್ಮವರ ಮನೆಗಳಲ್ಲಿ ದೇವರ ಚಿತ್ರ ಬರೆಯುತ್ತ ತಿರುಗಿದ. ಹ್ಯೂಸ್ಟನ್‌ನಲ್ಲಿ ಎರಡು ವಾರ, ಆಸ್ಟಿನ್‌ನಲ್ಲಿ ಒಂದು, ಮತ್ತೆ ಡಲ್ಲಾಸ್. ಬರೆಯುವ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ನಾನು ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಹೋಳಿಗೆ, ಚಕ್ಕುಲಿ ಮಾಡಿ ಮಾರುತ್ತಿದ್ದೆ. ಡಬ್ಬಿ ಒಯ್ಯಲು ಬಂದವರಿಗೆಲ್ಲ ಅವನ ಚಿತ್ರಗಳ ಫೋಟೊ ತೋರಿಸುತ್ತಿದ್ದೆ. ಅವನಿಗೆ ಕೆಲಸ ಹಾಗೆಯೇ ಸಿಗುತ್ತಿತ್ತು.

ಒಂದು ಭಾನುವಾರ ಅವನು ನನ್ನನ್ನು ಹ್ಯೂಸ್ಟನ್‌ನ ಮ್ಯೂಸಿಯಮ್ಮಿಗೆ ಕರೆದೊಯ್ದ. ನಾನೂರು ವರ್ಷ ಹಿಂದಿನ ಒಂದು ಚಿತ್ರದ ಮುಂದೆ ನಿಲ್ಲಿಸಿದ. ಕತ್ತಲೆಯೊಳಗೆ ಒಬ್ಬ ಮುದುಕಿ, ಅರ್ಧ ಮುಖಕ್ಕೆ ಮಾತ್ರ ಬೆಳಕು. ಬರೆದವನು ಯುರೋಪಿನ ಬರೋಕ್ ಕಾಲದವನು ಎಂದು ತಮ್ಮ ಹೇಳಿದ. ಆಗಿನ ಎಷ್ಟೋ ಚಿತ್ರಗಾರರ ಹಾಗೆ ಕುಂಚಗಳ ಗಂಟು ಹೊತ್ತು ಊರಿಂದೂರಿಗೆ ನಡೆದು, ಚರ್ಚುಗಳಲ್ಲಿ, ಸಾಹುಕಾರರ ಮನೆಗಳಲ್ಲಿ ಚಿತ್ರ ಬರೆದು, ಅಲ್ಲೇ ಉಂಡು ಮಲಗುತ್ತಿದ್ದನಂತೆ. ಚಿತ್ರದ ಕೆಳಗೆ ಅವನ ಹೆಸರೂ ಇರಲಿಲ್ಲ.

"ನಿನ್ನಂಗ ಮನಿ ಮಠ ಇಲ್ಲದಾಂವ" ಎಂದು ಚೇಷ್ಟೆ ಮಾಡಿದೆ.

"ನಗಬ್ಯಾಡ, ನೋಡಿಲ್ಲಿ. ಮೊದಲ ಪೂರಾ ಕರೀ ಬಣ್ಣ ಬಳದಾನ. ಆಮ್ಯಾಲ ಅದರಾಗಿಂದ ಬೆಳಕು ಹೊರಗ ತಗದಾನ. ಬಿಳಿ ಗ್ವಾಡಿ ಮ್ಯಾಲ ದೀಪ ಬರದ್ರ ಯಾರಿಗೆ ಕಾಣತೈತಿ, ಅಕ್ಕಾ?"

ಶಾಲೆಯಲ್ಲಿ ಯಾವ ಪಾಠವೂ ನನಗೆ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಮುಂದೆ ನಮ್ಮ ಪಕ್ಕದ ಸೌತ್‌ಲೇಕ್‌ನ ಒಂದು ಹೊಸ ಮನೆಯಲ್ಲಿ, ದೇವರ ಕೋಣೆಯ ಗೋಡೆಗೆ ಲಕ್ಷ್ಮಿಯನ್ನು ಬರೆಯುವ ಕೆಲಸ ಬಂತು. ಮೊದಲ ಸಲ ಅವನು ತನ್ನ ಮನಸ್ಸಿನಂತೆ ಬರೆಯಲು ಹೊರಟ. ಗೃಹಪ್ರವೇಶಕ್ಕೆ ಬಂದವರೆಲ್ಲ ನೋಡುತ್ತಾರೆ, ಆಮೇಲೆ ಎಲ್ಲರೂ ಹೀಗೆಯೇ ಬರೆಸುತ್ತಾರೆ ಎಂಬ ಆಸೆ ಅವನಿಗೆ. ಗೋಡೆಗೆಲ್ಲ ಕಂದುಗಪ್ಪು ಬಳಿದ. ಅದರ ಮೇಲೆ ಒಂದು ದೀಪ, ಗಾಳಿಗೆ ಅಡ್ಡ ಹಿಡಿದ ಒಂದು ಅಂಗೈ, ಸದ್ಯಕ್ಕೆ ಅಷ್ಟೇ ಬರೆದ. ಲಕ್ಷ್ಮಿಯ ಮುಖ ಆಮೇಲೆ ಆ ಬೆಳಕಿನಲ್ಲಿ ಮೂಡಬೇಕಿತ್ತು. ಬಣ್ಣ ಒಣಗಲಿ ಎಂದು ಮೂರು ದಿನ ಬಿಟ್ಟು ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನ ಇನ್ನೊಂದು ಮನೆಗೆ ಹೋದ. "ಯಾರರ ಕೇಳಿದ್ರ ನೀ ಹೇಳು, ಅಕ್ಕಾ" ಎಂದು ಹೇಳಿಯೇ ಹೋಗಿದ್ದ.

ಮರುದಿನ ಚಕ್ಕುಲಿ ಡಬ್ಬಿ ಕೊಡಲು ಆ ಮನೆಗೆ ಹೋದೆ. ಮೈಸೂರಿನಿಂದ ಬಂದಿಳಿದ ತನ್ನ ಅತ್ತೆಗೆ ಮನೆಯೊಡತಿ ಕೋಣೆ ಕೋಣೆ ತೋರಿಸುತ್ತಿದ್ದಳು. ದೇವರ ಕೋಣೆಯ ಬಾಗಿಲಲ್ಲಿ ಆ ಹಿರಿಯಾಕೆ ಕೂಗಿಕೊಂಡರು.

"ಅಯ್ಯಯ್ಯೋ! ದೇವರ ಮನೆಗೆ ಯಾರೇ ಮಸಿ ಬಳಿದಿದ್ದು? ಬರೋ ಶುಕ್ರವಾರ ಹಾಲುಕ್ಕಿಸ್ಬೇಕು, ಈ ಅಮಾವಾಸ್ಯೆ ಎದುರಿಗಾ?"

ಮನೆಯೊಡತಿ ನನ್ನ ಕಡೆ ತಿರುಗಿದಳು. "ಆಂಟಿ, ನಿಮ್ಮ ತಮ್ಮ ಇದನ್ನ ಹೀಗೇ ಬಿಡ್ತಾರಾ? ನಿಮಗೇನಾದ್ರೂ ಹೇಳಿದ್ರಾ?"

ಹಿಂದಿನ ವಾರವಷ್ಟೇ ಅವಳು, "ಗೃಹಪ್ರವೇಶದ ದಿನ ಡಬ್ಬಿ ಕೊಟ್ಟು ಹೋಗೋದಲ್ಲ ಆಂಟಿ, ಅರಿಸಿನ ಕುಂಕುಮಕ್ಕೆ ಬರ್ಬೇಕು, ರೇಷ್ಮೆ ಸೀರೆ ಉಟ್ಕೊಂಡು" ಎಂದಿದ್ದಳು. ಈ ದೇಶದಲ್ಲಿ ಗಿರಾಕಿಗಳ ಪೈಕಿ ನನ್ನನ್ನು ಹಾಗೆ ಕರೆದವಳು ಅವಳೊಬ್ಬಳೇ. ಈಗ ಅವಳ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು.

"ನಾ ಸಾಲಿ ಕಲಿತಾಕಿ ಅಲ್ರಿ. ನನಗೇನ್ ತಿಳೀತೈತ್ರಿ" ಎಂದೆ.

ಅದೇ ದಿನ ಗೋಡೆಗೆ ಕೆನೆಬಣ್ಣ ಬಳಿಸಿದರು. ಕೆಳಗೆ ಹಾಸಲು ಕಾರಿನಿಂದ ಹಳೆಯ ಬೆಡ್‌ಶೀಟ್ ತಂದುಕೊಟ್ಟವಳು ನಾನೇ. ಕಪ್ಪು ಒಂದು ಸಲಕ್ಕೆ ಮುಚ್ಚಲಿಲ್ಲ, ಮೂರು ಸಲ ರೋಲರ್ ಆಡಿಸಬೇಕಾಯಿತು. ಅಂಗೈ ಮಾತ್ರ ಮೊದಲ ಸಲಕ್ಕೇ ಹೋಯಿತು.

ತಮ್ಮ ಬಂದು ನೋಡಿದ. ಕೆನೆಬಣ್ಣವನ್ನು ಬೆರಳಿಂದ ಮುಟ್ಟಿ ಕೇಳಿದ, "ನೀ ಇಲ್ಲೇ ಇದ್ದೆಲ್ಲ, ಅಕ್ಕಾ? ನಿನ್ನ ಏನೂ ಕೇಳಲಿಲ್ಲೇನು?"

"ನನ್ನ ಯಾರು ಕೇಳ್ತಾರಪಾ" ಎಂದೆ. ಅವನು ನಂಬಿದ. ಶುಕ್ರವಾರ ನಾನು ರೇಷ್ಮೆ ಸೀರೆ ಉಟ್ಟು ಹೋಗಿ ಅರಿಸಿನ ಕುಂಕುಮ ತೆಗೆದುಕೊಂಡೆ.

ಅವನು ಮತ್ತೆ ಚಿತ್ರ ಬರೆಯಲಿಲ್ಲ. ತನ್ನ ಹಳೆಯ ವ್ಯಾನಿನಲ್ಲಿ ಅದೇ ಊರುಗಳನ್ನು ಸುತ್ತಿ, ಖಾಲಿ ಅಪಾರ್ಟ್‌ಮೆಂಟುಗಳಿಗೆ ಬಿಳಿ ಬಣ್ಣ ಬಳಿದ. ಅವನ ಉಗುರಿನ ಸಂದಿಯಲ್ಲಿ ಆ ಬಿಳಿ ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಹೀಗೆ ಆರು ವರ್ಷ ಹೋಯಿತು.

ಆಮೇಲೆ ನಾನೇ ಹಟ ಹಿಡಿದು ಅವನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಮುದುಕಿ ಅಲ್ಲೇ ಇದ್ದಳು. ಅವನು ದೂರವೇ ನಿಂತು ನಕ್ಕ.

"ಇಂವನೂ ಬರದದ್ದು ಎಷ್ಟ ಗ್ವಾಡಿ ಅಳಿಸ್ಯಾರೋ ಏನೋ. ನಂದೂ ಅವರಿಗೆ ಸೇರಲಿಲ್ಲ, ಅಷ್ಟ."

ನಾನು ಅವನ ಕೈ ಹಿಡಿದುಕೊಂಡೆ. ಕಾವಲಿನವನು ನಮ್ಮನ್ನೇ ನೋಡುತ್ತಿದ್ದ. ನೋಡಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಸೇರಲಿಲ್ಲ ಅಂತ ಅಲ್ಲೋ. ಅವರು ನನ್ನ ಕೇಳಿದ್ರು. ನನಗ ಗೊತ್ತಿತ್ತು, ಗೊತ್ತಿಲ್ಲ ಅಂದೆ. ಅವರ ಮುಂದ ಸಣ್ಣಾಕಿ ಆಗಬಾರದಂತ ನಿನ್ನ ಬಿಟ್ಟಕೊಟ್ಟೆ. ನಂದು ತಪ್ಪಾತಪಾ. ನನ್ನ ಕ್ಷಮಿಸು."