ಅಳಿಸಿದ ಮೇಲೂ ತೆರೆದಿದ್ದ ಪುಟ

ಬೀದಿಯ ಅಂಗಡಿಗಳೆಲ್ಲ ಇನ್ನೂ ಮುಸುಕೆಳೆದುಕೊಂಡು ಮಲಗಿರುವಾಗಲೇ ಜೆರಾಕ್ಸ್ ಅಂಗಡಿಯ ಷಟರ್ ಅರ್ಧಕ್ಕೆ ಮೇಲೇಳುತ್ತದೆ. ಟೈಪಿಂಗ್ ಅಕ್ಕ ಬಗ್ಗಿ ಒಳಗೆ ಹೋಗುತ್ತಾರೆ. ಕಸ ಗುಡಿಸುವುದು ಆಮೇಲೆ, ಮೊದಲು ಮೂಲೆಯ ಕಂಪ್ಯೂಟರಿನ ಮೌಸ್ ಅಲ್ಲಾಡಿಸುತ್ತಾರೆ. ಪರದೆ ಬೆಳಗಿ, ಅರ್ಧಕ್ಕೆ ನಿಂತ ವಾಕ್ಯವೊಂದು ಕಾಣುತ್ತದೆ. "ಇದೆ" ಎಂದು ತಮಗೆ ತಾವೇ ಹೇಳಿಕೊಂಡು ಪೊರಕೆ ಹಿಡಿಯುತ್ತಾರೆ.

ಬಾಡಿಗೆ ಕರಾರು, ರಜೆ ಅರ್ಜಿ, ವಿಚ್ಛೇದನದ ನೋಟಿಸು, ಅಣ್ಣತಮ್ಮಂದಿರ ಪಾಲುಪಟ್ಟಿ. ಊರಿನ ಅರ್ಧ ಗುಟ್ಟು ಅಕ್ಕನ ಬೆರಳುಗಳ ಕೆಳಗೆ ಹಾದುಹೋಗಿದೆ. ಹೇಳಿ ಬರೆಸುವವರ ಕಣ್ಣೆಲ್ಲ ಪರದೆಯ ಮೇಲೆ. ಅಕ್ಕನ ಮುಖ ನೋಡುವವರು ಅಪರೂಪ. "ದಾರೀಲಿ ಸಿಕ್ಕಿದ್ರೆ ಗುರುತೇ ಹಿಡಿಯಲ್ಲ. ಹಿಡಿದ್ರೂ ಮುಖ ತಿರುಗಿಸ್ತಾರೆ. ಅವರ ಸಂಸಾರ ನಂಗೆ ಗೊತ್ತಲ್ಲ!" ಎಂದು ನಗುತ್ತಾರೆ. ಆ ನಗುವಿಗೆ ಜೊತೆ ಕೊಡುವವರು ಮನೆಯಲ್ಲೂ ಇಲ್ಲ. ದೂರದ ತಂಗಿ ಫೋನ್ ಮಾಡಿ "ಅಕ್ಕಾ, ಊಟ ಆಯ್ತಾ?" ಎಂದು ಕೇಳಿದರೆ ಆ ದಿನದ ಮಾತು ಮುಗಿಯಿತು.

ಅಕ್ಕನದೊಂದು ಕಟ್ಟುನಿಟ್ಟಿನ ಪದ್ಧತಿ. ಕೆಲಸ ಮುಗಿದ ಮೇಲೆ ಫೈಲನ್ನು ಗಿರಾಕಿಯ ಕಣ್ಣೆದುರೇ ಅಳಿಸಬೇಕು. ಮೊದಲು ಪುಟ ಮುಚ್ಚುವುದು, ಆಮೇಲೆ ಡಿಲೀಟ್ ಒತ್ತುವುದು. ಈ ಕ್ರಮ ತಪ್ಪಿದ್ದು ಒಂದೇ ಸಲ.

ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಬೆಳಗಿನ ಹೊತ್ತು ಬಂದು, ತೀರಿಹೋದ ಹೆಂಡತಿಯ ಬಗ್ಗೆ ದಿನಕ್ಕಿಷ್ಟು ಎಂದು ಬರೆಸುತ್ತಿದ್ದರು. "ನಿಮ್ದು ತಿಂಡಿ ಆಯ್ತೇನಮ್ಮಾ?" ಎಂದು ಕೇಳುತ್ತಿದ್ದ ಗಿರಾಕಿ ಅವರೊಬ್ಬರೇ. ಕಳೆದ ವಾರ ಅರ್ಧ ವಾಕ್ಯ ಹೇಳಿ ಸುಮ್ಮನಾದರು. ಮಗ ಗೇಲಿ ಮಾಡಿದ್ದನಂತೆ. "ಸಾಕಮ್ಮ. ಯಾರಿಗೆ ಬೇಕು ಇದೆಲ್ಲ? ಅಳಿಸಿಬಿಡಿ" ಅಂದರು. ಅಕ್ಕ ಅಳಿಸಿದರು, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸಿದರು. ಅವರು ಹೋದ ಮೇಲೆ ನೋಡಿದರೆ, ಪರದೆಯಲ್ಲಿ ಬೇರೆ ಫೈಲುಗಳ ಹಿಂದೆ ಆ ಪುಟ ತೆರೆದೇ ಇತ್ತು! ಫೈಲ್ ಹೋಗಿದೆ, ಬರಹ ಮಾತ್ರ ಪರದೆಯ ಮೇಲೆ ನಿಂತಿದೆ. ಮುಚ್ಚಿದರೆ ಹೋಯಿತು, ಸೇವ್ ಒತ್ತಿದರೆ ಉಳಿಯಿತು. ಮೊದಲೇ ಮುಚ್ಚುವುದು ಮರೆತುಹೋಯಿತು ಎನ್ನುತ್ತಾರೆ ಅಕ್ಕ. ನಂಬುವವರು ನಂಬಬಹುದು.

"ಮುಚ್ಚೋಕೆ ಕೈ ಬರ್ಲಿಲ್ಲ. ಸೇವ್ ಮಾಡೋಕೆ ಮನಸ್ಸು ಒಪ್ಪಲಿಲ್ಲ. ಎದುರಿಗೆ ಅಳಿಸಿ, ಬೆನ್ನ ಹಿಂದೆ ಇಟ್ಕೊಂಡ್ರೆ ಅದು ಮೋಸ ಅಲ್ವಾ? ಅವರೇ ಬಂದು 'ಇರ್ಲಿ ಬಿಡಿ' ಅನ್ಲಿ ಅಂತ ಕಾಯ್ತಿದೀನಿ."

ಅವರ ಮನೆ ಎಲ್ಲಿ, ನಂಬರ್ ಏನು, ಅಕ್ಕ ಕೇಳಿಟ್ಟುಕೊಂಡಿಲ್ಲ. ಗಿರಾಕಿಯ ವಿಷಯ ಕೆದಕುವುದು ಅವರ ಜಾಯಮಾನವಲ್ಲ. ಅಂದಿನಿಂದ ಆ ಕಂಪ್ಯೂಟರ್ ಆಫ್ ಆಗಿಲ್ಲ. ಕರೆಂಟ್ ಹೋಗಿ ಯುಪಿಎಸ್ ಕೀಂಗುಟ್ಟಿದಾಗಲೆಲ್ಲ ಅಕ್ಕನ ಜೀವ ಬಾಯಿಗೆ ಬರುತ್ತದೆ.

ಇವತ್ತು ಲೈನ್ ರಿಪೇರಿ. ಇನ್ನು ಸ್ವಲ್ಪ ಹೊತ್ತಿಗೆ ಕರೆಂಟ್ ಹೋದರೆ ಸಂಜೆಯವರೆಗೆ ಬರುವುದಿಲ್ಲ, ಯುಪಿಎಸ್ ಒಂದು ಟೀ ಕುಡಿಯುವಷ್ಟು ಹೊತ್ತು ತಡೆದರೆ ಹೆಚ್ಚು. ಅಕ್ಕ ಬಾಗಿಲಿಗೆ ಹೋಗಿ ಬೀದಿಯ ಎರಡೂ ಕಡೆ ಕಣ್ಣು ಹಾಯಿಸುತ್ತಾರೆ. ಶಾಲೆಗೆ ಹೊರಟ ಮಕ್ಕಳು, ಪೇಪರ್ ಹಾಕುವವನ ಸೈಕಲ್ಲು. ಗಾರ್ಡ್ ಸಾಹೇಬರ ಸುಳಿವಿಲ್ಲ. ಮತ್ತೊಮ್ಮೆ ಹೋಗಿ ನೋಡುತ್ತಾರೆ. ಕೊನೆಗೆ ಒಳಗೆ ಬಂದು, ಅಷ್ಟರಲ್ಲಿ ಬಂದ ಗಿರಾಕಿಗೆ "ಸ್ವಲ್ಪ ಕೂತ್ಕೊಳ್ಳಿ" ಎಂದು, ಮೊದಲ ಪುಟಕ್ಕೆ ಹೋಗಿ ಓದತೊಡಗುತ್ತಾರೆ. ಒಂದು ಕಡೆ ಕಿಸಕ್ಕನೆ ನಗುತ್ತಾರೆ. ಇನ್ನೊಂದು ಕಡೆ ಕಣ್ಣೊರೆಸಿಕೊಳ್ಳುತ್ತಾರೆ. ಫ್ಯಾನ್ ನಿಲ್ಲುತ್ತದೆ, ಯುಪಿಎಸ್ ಕೂಗಿಕೊಳ್ಳುತ್ತದೆ. ಅಕ್ಕ ತಲೆಯೆತ್ತದೆ ಆ ಅರ್ಧ ವಾಕ್ಯದವರೆಗೂ ಓದಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಪರದೆ ಕಪ್ಪಾಗುತ್ತದೆ.

ಕಾದಿದ್ದ ಗಿರಾಕಿ ಗೊಣಗಿಕೊಂಡು ಎದ್ದುಹೋಗುತ್ತಾನೆ.

"ಟೈಪ್ ಮಾಡೋವಾಗ ಓದೋಕಾಗಲ್ಲ, ಬರೀ ಅಕ್ಷರ ಕಾಣತ್ತೆ" ಎನ್ನುತ್ತಾರೆ ಅಕ್ಕ. "ಇವತ್ತು ಪೂರ್ತಿ ಓದಿದೆ. ತುಂಬ ಚೆನ್ನಾಗಿತ್ತು. ಎಲ್ಲಾದ್ರೂ ಸಿಕ್ಕಿದ್ರೆ ಅದೊಂದು ಮಾತು ಹೇಳ್ಬೇಕು ಅವ್ರಿಗೆ."