ಆಕಾಶದಲ್ಲಿ ಅಂಗಾತ

ಮುಂಡಗೋಡದಲ್ಲಿ ಹುಬ್ಬಳ್ಳಿ ಬಸ್ಸು ಹತ್ತುವಾಗ ಅವ್ವ ರೊಟ್ಟಿಯ ಗಂಟನ್ನು ಕೈಗಿಟ್ಟು ಒಂದೇ ಮಾತು ಹೇಳಿದಳು. "ಬೇಕಂತ ಬಿದ್ದನೋ, ತಪ್ಪಿ ಬಿದ್ದನೋ, ಅಷ್ಟ ತಿಳಕೊಂಡ ಬಾ." ನಾನು ಥಾಯ್ಲೆಂಡಿಗೆ ಹೊರಟಿದ್ದೆ. ನನ್ನ ತಮ್ಮ ಮಹೇಶ ಅಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವುದನ್ನು ಕಲಿಯುತ್ತಿದ್ದಾಗ ಸತ್ತು ಆಗಲೇ ಕೆಲವು ತಿಂಗಳಾಗಿತ್ತು.

ನಮ್ಮದು ಮುಂಡಗೋಡದ ಹತ್ತಿರದ ಇಂದೂರು. ನಾನು ಬಹಳ ವರ್ಷಗಳಿಂದ ದಾಂಡೇಲಿಯಲ್ಲಿದ್ದೇನೆ. ಗಣೇಶಗುಡಿಯ ಹತ್ತಿರ ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಕರೆದೊಯ್ಯುವ ಗೈಡ್ ಕೆಲಸ ನನ್ನದು. ಮಹೇಶನೂ ನನ್ನ ಕೈಕೆಳಗೇ ಕಲಿತು ಕೆಲವು ವರ್ಷ ಅದನ್ನೇ ಮಾಡಿದ. ಆಮೇಲೆ ಥಾಯ್ಲೆಂಡಿನ ಕಡಲತೀರದ ಊರೊಂದರಲ್ಲಿ ಬೋಟಿನ ಕೆಲಸ ಸಿಕ್ಕಿ ಹೋದ. ಸಾಯುವ ಹಿಂದಿನ ಸಂಜೆ ಅವ್ವ ಅವನಿಗೆ ಫೋನ್ ಮಾಡಿದ್ದಳು. ಪಕ್ಕದ ಊರು ಮಳಗಿಯ ಹುಡುಗಿಯೊಬ್ಬಳನ್ನು ಅವನಿಗೆ ನೋಡಿದ್ದೆವು, ಅವನು ಒಲ್ಲೆ ಅಂದಿದ್ದ. ಮಾತಿಗೆ ಮಾತು ಬೆಳೆದು, ಇನ್ನು ನಿನ್ನ ಮಾರಿ ನನಗೆ ತೋರಿಸಬೇಡ ಎಂದು ಅವ್ವ ಫೋನ್ ಇಟ್ಟುಬಿಟ್ಟಳು. ಮರುದಿನ ಅವನು ಬಿದ್ದ. ಪ್ಯಾರಾಶೂಟಿನ ಹಿಡಿಕೆಗೆ ಅವನು ಕೈಯನ್ನೇ ಹಾಕಲಿಲ್ಲ ಎಂದು ಅಲ್ಲಿಯವರು ಹೇಳಿದರು. ಅಂದಿನಿಂದ ಅವ್ವ ತಾಟಿನ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದಳು. ಆ ಮಾತೇ ಮಗನನ್ನು ಕೊಂದಿತು ಎಂದು ಅವಳು ಗಟ್ಟಿ ಮಾಡಿಕೊಂಡುಬಿಟ್ಟಿದ್ದಳು.

ಹುಬ್ಬಳ್ಳಿಯಿಂದ ರೈಲು, ಬೆಂಗಳೂರಿನಿಂದ ವಿಮಾನ. ನಾನು ವಿಮಾನ ಹತ್ತಿದ್ದು ಅದೇ ಮೊದಲು. ಸ್ವಭಾವತಃ ನಾನು ಅಂಜುಬುರುಕ. ನನ್ನ ದೋಣಿಯ ಹಗ್ಗದ ಗಂಟನ್ನು ನಾನೇ ಹಾಕಿದ್ದರೂ ಮತ್ತೊಮ್ಮೆ ಎಳೆದು ನೋಡುವವನು. ಸೀಟಿನ ಬೆಲ್ಟನ್ನೂ ಹಾಗೇ ಎಳೆದೆಳೆದು ನೋಡಿದೆ. ಪಕ್ಕದವನು ನಕ್ಕ. ಬ್ಯಾಂಕಾಕಿನಲ್ಲಿ ಇಳಿದಾಗ ಬಿಸಿಲು ನಮ್ಮ ಏಪ್ರಿಲ್‌ಗಿಂತ ಜೋರಿತ್ತು, ಮೇಲೆ ಬೆವರು ಆರದ ಸೆಕೆ. ಅಲ್ಲಿಂದ ಎರಡು ತಾಸಿನ ಬಸ್ಸು. ದಾರಿಯಲ್ಲಿ ರಸ್ತೆ ಬದಿಯ ಅಂಗಡಿಯಲ್ಲಿ ಅನ್ನದ ಮೇಲೆ ಕರಿದ ಮೊಟ್ಟೆ ಇಟ್ಟು ಕೊಟ್ಟರು. ಅದರ ಜೊತೆಗಿದ್ದ ಮೀನಿನ ರಸದ ವಾಸನೆ ಹಿಡಿಸದೆ ತಾಟನ್ನು ಪಕ್ಕಕ್ಕೆ ಸರಿಸಿ, ಅವ್ವನ ರೊಟ್ಟಿಯನ್ನೇ ಶೇಂಗಾ ಚಟ್ನಿಯ ಜೊತೆ ತಿಂದೆ.

ಜಿಗಿಯುವುದನ್ನು ಕಲಿಸುವ ಶಾಲೆ ಊರಿನಿಂದಾಚೆ, ಮರಗೆಣಸಿನ ಹೊಲಗಳ ನಡುವೆ ಇತ್ತು. ಒಂದು ಚಿಕ್ಕ ರನ್‌ವೇ, ತಗಡಿನ ಶೆಡ್ಡು, ಒಂದು ಸಣ್ಣ ವಿಮಾನ. ಮಹೇಶನಿಗೆ ಕಲಿಸಿದ್ದ ಬಿಷ್ಣು ಎಂಬ ನೇಪಾಳಿ ನನಗಾಗಿ ಕಾದಿದ್ದ. ಇಬ್ಬರಿಗೂ ಹಿಂದಿ ಬರುತ್ತಿದ್ದುದರಿಂದ ಮಾತಿಗೆ ತೊಂದರೆಯಾಗಲಿಲ್ಲ. ನಡೆದದ್ದನ್ನು ಅವನು ಏನೂ ಮುಚ್ಚಿಡದೆ ಹೇಳಿದ. ಮಹೇಶ ವಿಮಾನದಿಂದ ಸರಿಯಾಗಿಯೇ ಹೊರಬಿದ್ದ, ಸ್ವಲ್ಪ ಹೊತ್ತಿಗೆ ಮಗುಚಿದ, ಹಾಗೇ ಉಳಿದ. ಬಿಷ್ಣು ಅವನನ್ನು ಹಿಡಿಯಲು ಹೋದರೂ ಮುಟ್ಟಲಾಗಲಿಲ್ಲ. ನೆಲ ಹತ್ತಿರವಾದಾಗ ತಾನಾಗಿ ಕೆಲಸ ಮಾಡುವ ಯಂತ್ರವೊಂದು, ತುರ್ತಿಗೆಂದು ಬೆನ್ನಿಗೇ ಕಟ್ಟಿರುವ ಎರಡನೆಯ ಪ್ಯಾರಾಶೂಟನ್ನು ಬಿಚ್ಚಿತು. ಆದರೆ ಬೆನ್ನು ಕೆಳಗಾಗಿದ್ದರಿಂದ ಅದರ ದಾರಗಳು ಅವನ ಕಾಲಿಗೆ ಸುತ್ತಿಕೊಂಡವು.

"ನಾನು ಅವನ ಮುಖ ನೋಡಿದೆ" ಎಂದ ಬಿಷ್ಣು. "ಗಾಬರಿಯೇ ಇರಲಿಲ್ಲ. ಕೈ ಚಾಚಿಕೊಂಡು ಸುಮ್ಮನೆ ಮಲಗಿದ್ದ."

ಇದನ್ನು ಹೊತ್ತುಕೊಂಡು ನಾನು ಮನೆಗೆ ಹೋಗುವಂತಿರಲಿಲ್ಲ. ಸುಮ್ಮನೆ ಮಲಗಿದ್ದ ಎಂದರೆ ಅವ್ವ ಏನು ತಿಳಿಯುತ್ತಾಳೆ ಎಂದು ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ತಿಳಿದೆ. ಆ ರಾತ್ರಿ ಬಾಡಿಗೆ ಕೋಣೆಯಲ್ಲಿ ಗೋಡೆಗೆ ತಲೆ ಕೊಟ್ಟು ಅತ್ತೆ. ಮಹೇಶ ಕಟ್ಟಿದ್ದ ಫೀಯಲ್ಲಿ ಉಳಿದದ್ದನ್ನು ಶಾಲೆಯವರು ವಾಪಸು ಕೊಡಲು ಬಂದಾಗ, ಬೇಡ, ಅದರಲ್ಲಿ ನನಗೇ ಕಲಿಸಿ ಎಂದೆ. ಯಾಕೆ ಎಂದು ಕೇಳಿದರು. ಅವನು ಏನನ್ನು ನೋಡಿದ ಎಂದು ನೋಡಬೇಕು ಎಂದೆ. ಕೊನೆಗೆ ಬಿಷ್ಣು ಒಪ್ಪಿದ.

ಮೊದಲು ನೆಲದ ಮೇಲಿನ ಪಾಠ. ಚಕ್ರದ ಹಲಗೆಯ ಮೇಲೆ ಬೋರಲು ಮಲಗಿಸಿ, ಸೊಂಟ ಕೆಳಕ್ಕೆ ಒತ್ತು, ಎದೆ ಎತ್ತು, ಕಾಲು ಹಿಂದಕ್ಕೆ ಚಾಚು ಎಂದು ದಿನವಿಡೀ ತಿದ್ದಿದರು. ಹೊಟ್ಟೆ ಕೆಳಗಿದ್ದರೆ ಬೆನ್ನ ಮೇಲಿನ ಪ್ಯಾರಾಶೂಟ್ ಸಲೀಸಾಗಿ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ಮಣಿಕಟ್ಟಿನಲ್ಲಿ ಎತ್ತರ ತೋರಿಸುವ ಗಡಿಯಾರ, ಬಲಸೊಂಟದ ಹಿಂದೆ ಹಿಡಿಕೆ. ಗಡಿಯಾರ ನೋಡಬೇಕು, ಹೇಳಿದ ಎತ್ತರಕ್ಕೆ ಬಂದಾಗ ಹಿಡಿಕೆ ಎಳೆಯಬೇಕು. ಉಳಿದ ಕಲಿಯುವವರೆಲ್ಲ ನಗುನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು.

ಮೊದಲ ಜಿಗಿತಕ್ಕೆ ಹದಿಮೂರು ಸಾವಿರ ಅಡಿ ಏರಿದೆವು. ಬಾಗಿಲು ತೆಗೆದಾಗ ನನ್ನ ಕಾಲು ಹಲಗೆಗೆ ಅಂಟಿಕೊಂಡವು. ಬಿಷ್ಣು ಮತ್ತು ಇನ್ನೊಬ್ಬ ಶಿಕ್ಷಕ ಎಡಬಲಕ್ಕೆ ನನ್ನನ್ನು ಹಿಡಿದುಕೊಂಡೇ ಹೊರಬಿದ್ದರು. ಬೀಳುವ ಅನುಭವ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಕಿವಿಯ ತುಂಬ ಸದ್ದು, ಬಾಯಿಯ ತುಂಬ ಗಾಳಿ, ಅಷ್ಟೇ ನೆನಪು. ಕೆಳಗಿಳಿದ ಮೇಲೆ ವಾಂತಿ ಮಾಡಿದೆ. ಮೊಣಕಾಲನ್ನು ಹೊಟ್ಟೆಯ ಕಡೆ ಯಾಕೆ ಎಳೆದುಕೊಳ್ಳುತ್ತೀ ಎಂದು ಬಿಷ್ಣು ಬೈದ. ಮಹೇಶನಿಗೂ ಇದೇ ಚಾಳಿಯಿತ್ತು, ಬಿಡಿಸುವುದರೊಳಗೆ ಸಾಕಾಗಿತ್ತು ಎಂದ. ಹೆದರಿಕೆಗೆ ಹಾಗಾಗುತ್ತದೆ ಎಂದು ನಾನು ಅಂದುಕೊಂಡೆ. ಎರಡನೆಯ ಸಲವೂ ಅವರೇ ನನ್ನ ಕಾಲನ್ನು ತಟ್ಟಿ ತಟ್ಟಿ ನೇರ ಮಾಡಿಸಿದರು.

ಮೂರನೆಯ ಜಿಗಿತದಲ್ಲಿ ಇಬ್ಬರೂ ಕೈ ಬಿಡುವುದಿತ್ತು. ಬಿಟ್ಟರು. ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಮೊಣಕಾಲು ಮೇಲೆ ಬಂದವು, ಮೈ ಮಗುಚಿತು, ನಾನು ಅಂಗಾತವಾದೆ. ನೆಲ ಕಾಣದಾಯಿತು. ಎದುರಿಗೆ ಬರೀ ಆಕಾಶ, ಮೋಡದ ಚೂರೂ ಇಲ್ಲ. ಎಷ್ಟು ನಿಶ್ಚಿಂತೆಯಾಯಿತೆಂದರೆ, ಮೂರು ದಿನದಿಂದ ಬಡಿದುಕೊಳ್ಳುತ್ತಿದ್ದ ಎದೆ ತಣ್ಣಗಾಯಿತು. ಕೈ ಚಾಚಿದೆ. ಗಡಿಯಾರ ನೆನಪಾಗಲಿಲ್ಲ, ಹಿಡಿಕೆ ನೆನಪಾಗಲಿಲ್ಲ. ಎಲ್ಲ ಸರಿಯಾಗಿದೆ, ಇನ್ನು ಕಾಯುವುದಷ್ಟೇ ಕೆಲಸ ಅನ್ನಿಸಿತು. ಬಿಷ್ಣು ಪಕ್ಕದಿಂದ ಬಂದು ನನ್ನನ್ನು ತಿರುಗಿಸಿ ತಾನೇ ಹಿಡಿಕೆ ಎಳೆದ. ಪ್ಯಾರಾಶೂಟ್ ಜಗ್ಗಿ ನಿಲ್ಲಿಸಿದಾಗ, ಆ ಮೌನದಲ್ಲಿ ನೇತಾಡುತ್ತಾ, ನಾನು ಯಾವುದಕ್ಕೆ ಕಾಯುತ್ತಿದ್ದೆ ಎಂದು ಹೊಳೆಯಿತು.

ಹಗ್ಗಕ್ಕೆ. ಕಾಳಿಯಲ್ಲಿ ದೋಣಿಯಿಂದ ಬಿದ್ದವನು ಮೊದಲು ಮಾಡಬೇಕಾದ್ದು ಅದನ್ನೇ. ಅಂಗಾತ ಮಲಗಬೇಕು, ಕಾಲು ಕಲ್ಲಿಗೆ ಸಿಗದಂತೆ ಮೇಲೆತ್ತಬೇಕು, ಕೈ ಚಾಚಬೇಕು, ಒದ್ದಾಡಬಾರದು. ಹಿಂದಿನ ದೋಣಿಯಿಂದ ಗೈಡ್ ಹಗ್ಗ ಒಗೆಯುತ್ತಾನೆ, ಅಲ್ಲಿಯವರೆಗೆ ಕಾಯಬೇಕು. ನಾವು ಇದನ್ನು ವರ್ಷಗಟ್ಟಲೆ ದಿನವೂ ಮಾಡಿದವರು. ಬುದ್ಧಿ ಮರೆತರೂ ಮೈ ಮರೆಯದ ಪಾಠ ಅದು.

ಹೊಲದಲ್ಲಿ ಇಳಿದು ಬಿದ್ದಲ್ಲೇ ಕೂತೆ. ಬಿಷ್ಣು ಓಡಿ ಬಂದ. ನಾನು ನೆಲದ ಮೇಲೆ ಮಲಗಿ ನದಿಯಲ್ಲಿ ಹೇಗೆ ಮಲಗುತ್ತೇವೆಂದು ತೋರಿಸಿದೆ. ಅವನು ನನ್ನ ಪಕ್ಕದಲ್ಲೇ ಮಂಡಿಯೂರಿ ಕೂತ. "ಹೀಗೇ ಇದ್ದ" ಎಂದ. ಮತ್ತೆ ನಾನು ಜಿಗಿಯಲು ಹೋಗಲಿಲ್ಲ.

ವಾಪಸು ಬರುವ ದಾರಿಯೆಲ್ಲ ಅವ್ವನಿಗೆ ಹೇಗೆ ಹೇಳುವುದೆಂದೇ ಯೋಚನೆ. ಇಂದೂರು ಮುಟ್ಟಿದಾಗ ಸಂಜೆಯಾಗಿತ್ತು, ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕೈಕಾಲು ತೊಳೆಯಲೂ ಬಿಡಲಿಲ್ಲ, ಮುಖವನ್ನೇ ನೋಡಿದಳು.

"ಬೇಕಂತ ಬಿದ್ದಿಲ್ಲವ್ವಾ" ಎಂದೆ. "ಹೊಳ್ಯಾಗ ಬಿದ್ದಂಗ ಮಲಗಿದ್ದ. ಹಗ್ಗ ಬರ್ತೈತಿ ಅಂತ ಕಾಯಾಕತ್ತಿದ್ದ."

ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಗೆ ಅರ್ಥವಾಗಲು ತಡವಾಗಲಿಲ್ಲ.

"ಹಂಗಾರ ನನ್ನ ಮಾತಿಗಲ್ಲ?"

"ಅಲ್ಲವ್ವಾ."

ಹೆಣದ ಪೆಟ್ಟಿಗೆ ಬಂದ ದಿನವೂ ಅಳದಿದ್ದವಳು ಅಂದು ದನಿ ತೆಗೆದು ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ಹೊಳ್ಯಾಗ ಅವಗ ಹಗ್ಗ ಯಾರು ಒಗೀತಿದ್ರು?"

"ನಾ ಒಗೀತಿದ್ದೆ."

ಅವ್ವ ಎದ್ದಳು. ಒಳಗೆ ಹೋಗಿ ಎರಡು ತಾಟಿಗೆ ಬಡಿಸಿದಳು. ಅವಳು ಹೊಟ್ಟೆ ತುಂಬ ಉಂಡಳು. ನಾನು ಎರಡು ತುತ್ತು ತಿಂದು ಎದ್ದೆ.

ಎರಡು ದಿನ ಬಿಟ್ಟು ಹಳಿಯಾಳ, ದಾಂಡೇಲಿ ದಾಟಿ ಗಣೇಶಗುಡಿಗೆ ಕೆಲಸಕ್ಕೆ ಹೋದೆ. ಬೆಳಗಾವಿಯ ಕಡೆಯ ಒಂದು ಕುಟುಂಬ ಬಂದಿತ್ತು. ಜಾಕೆಟ್ಟಿನ ಪಟ್ಟಿ ಬಿಗಿದು, ಎಲ್ಲರನ್ನೂ ದಂಡೆಯ ಮೇಲೆ ಅಂಗಾತ ಮಲಗಿಸಿ, ಕಾಲು ಮೇಲೆತ್ತಿಸಿ, ಕೈ ಚಾಚಿಸಿದೆ. ನದಿಗೆ ಅದೇ ಸರಿ, ಬೇರೆ ಹೇಳಲು ಬರುವುದಿಲ್ಲ. ಅದಾದ ಮೇಲೆ ಹೇಳಬೇಕಾದ ಮಾತನ್ನು ಹೇಳದೆ, ಹಗ್ಗದ ಗಂಟನ್ನು ಎಳೆದೆಳೆದು ನೋಡುತ್ತಾ ನಿಂತೆ. ಅವರು ಮಲಗಿದಲ್ಲಿಂದಲೇ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಪಕ್ಕದ ದೋಣಿಯ ಗೈಡ್ ಬಂದು ನನ್ನ ಪರವಾಗಿ ಹೇಳಿದ, "ಗಾಬರಿ ಆಗಬ್ಯಾಡ್ರಿ, ಸುಮ್ಮನ ಕಾಯ್ರಿ. ಹಗ್ಗ ಬರ್ತೈತಿ."